ಟೇಪು ಓಡುವಾಗ ಮಾತಾಡಬಾರದು

ಅಟ್ಟ ಗುಡಿಸುವಾಗ ಸಿಕ್ಕ ವಿಡಿಯೋ ಕ್ಯಾಸೆಟ್ಟಿನ ಮುಗ್ಗಲು ವಾಸನೆ ನನ್ನನ್ನು ಸರಸ್ವತಿಪುರಂನ ಹಳೇ ಮನೆಗೆ ಎಳೆದೊಯ್ದಿತು. ಅಪ್ಪನಿಗೆ ಡಿಶ್ ಹಾಕಿಸುವ ಆಸೆ. ಅಜ್ಜಿ ಬಿಡಲಿಲ್ಲ.

"ತಾರಸಿ ಮೇಲೆ ಆ ಕೊಡೆ ನಿಲ್ಲಿಸಿದ್ರೆ ಸಂಡಿಗೆ ಎಲ್ಲೋ ಒಣಗ್ಸೋದು?"

ಹಾಗಾಗಿ ಕೇಬಲ್ ಬಂತು, ಜೊತೆಗೆ ವಿಸಿಆರ್. ಸಂಜೆ ಪಾಳಿಯ ನರ್ಸಾಗಿದ್ದ ಸೋದರತ್ತೆಗಾಗಿ ಧಾರಾವಾಹಿ ರೆಕಾರ್ಡ್ ಮಾಡುತ್ತಿದ್ದೆವು. ಆಗ ಅಜ್ಜಿ ಒಲೆಯಿಂದ ಕುಕ್ಕರನ್ನೂ ಇಳಿಸಿಬಿಡುತ್ತಿದ್ದರು.

"ಸುಮ್ನಿರ್ರೋ, ನಮ್ ಮಾತೆಲ್ಲ ಕ್ಯಾಸೆಟ್ಟಿಗೆ ಹೋಗ್ಬುಡತ್ತೆ!"

ಹಾಗೆ ಹೋಗುವುದಿಲ್ಲವೆಂದು ಅಪ್ಪನಿಗೆ ಗೊತ್ತಿತ್ತು. ಅರ್ಧ ಗಂಟೆಯಾದರೂ ಮನೆ ತಣ್ಣಗಿರಲೆಂದು ಅವರು ಬಾಯಿ ಬಿಡಲಿಲ್ಲ.

ನಿನ್ನೆ ಅಂಗಡಿಯೊಂದರಲ್ಲಿ ಆ ಕ್ಯಾಸೆಟ್ ಹಾಕಿಸಿ ನೋಡಿದೆ. ಧಾರಾವಾಹಿಯ ಅತ್ತಿಗೆ-ನಾದಿನಿಯರು ಇನ್ನೂ ಜಗಳವಾಡುತ್ತಲೇ ಇದ್ದಾರೆ. ಅಜ್ಜಿ ನಂಬಿದ್ದೇ ನಿಜವಾಗಿದ್ದರೆ, "ಸುಮ್ನಿರ್ರೋ" ಎಂದು ಅವರು ಗದರಿದ್ದಾದರೂ ಅದರಲ್ಲಿ ಉಳಿದಿರುತ್ತಿತ್ತು.