ಸಾಕ್ಷಿಗೆಂದು ಕರೆದೊಯ್ದ ಮಗಳು

ನಮ್ಮ ಪಡಸಾಲೆಯ ಗೂಟಕ್ಕೆ ಈಗ ನನ್ನ ರುಮಾಲಿನ ಪಕ್ಕದಲ್ಲೇ ಒಂದು ಕುಲಾವಿ ತೂಗುತ್ತದೆ. ಕೆಂಪು ಖಣದ ತುಂಡಿಗೆ ಬಿಳಿ ಮಣಿ ಪೋಣಿಸಿ ಹೊಲಿದ ಟೊಪ್ಪಿಗೆ, ನನ್ನ ಮುಷ್ಟಿಗೆ ತೊಡಿಸಿದರೂ ಬಿಗಿಯಾಗುವಷ್ಟು ಪುಟ್ಟದು. ಅದನ್ನು ತೊಡುವವಳು ನನ್ನ ಮಗನ ಮಗಳು. ಗೆಳೆಯರೇ, ಮೊಮ್ಮಗಳು ಎಂಬ ಮಾತು ನಾಲಿಗೆಗೆ ಬಂದರೆ ಸಾಕು, ನಾಲ್ಕನೇ ಇಯತ್ತೆಗೇ ಸಾಲಿ ಬಿಟ್ಟ ನನ್ನಂಥವನ ಬಾಯಲ್ಲೂ ಮಾತು ಒಲೆಯ ಮೇಲಿನ ಹಾಲಿನಂತೆ ಉಕ್ಕುತ್ತದೆ. ಒಲೆ ಒರೆಸುವ ಕೆಲಸ ಆಮೇಲಿನದು.

ತೊಟ್ಟಿಲಿಗೆ ಹಾಕುವ ದಿನ ಶಹಾಪುರಕ್ಕೆ ಕೊಟ್ಟ ಮಗಳು ಶಾಂತಾ ದೇವಾಪುರದ ನಮ್ಮ ಮನೆಗೆ ಬಂದಿದ್ದಳು. ಸೋದರತ್ತೆಯೇ ಕೂಸಿನ ಕಿವಿಯಲ್ಲಿ ಹೆಸರು ಉಸುರಬೇಕು, ಉಸುರುವಾಗ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಗುದ್ದು ತಿಂದು, ನಕ್ಕು, ನಾನು ಕೊಟ್ಟ ಸೀರೆಯನ್ನು ಕಣ್ಣಿಗೊತ್ತಿಕೊಂಡಳು. ಆ ಗದ್ದಲದಲ್ಲೇ ನನಗೆ ಹೊಳೆದದ್ದು: ಕಾಲುವೆ ನೀರು ಹರಿಯುವ ಹೊಲವನ್ನೆಲ್ಲ ಈ ಕೂಸಿನ ಹೆಸರಿಗೆ ಬರೆದಿಡಬೇಕು. ಹೆಣ್ಣು ಕೂಸಿಗೆ ಹೊಲ ಬರೆದ ಅಜ್ಜ ನಮ್ಮ ಓಣಿಯಲ್ಲೇ ಇಲ್ಲ. ನಾನೇ ಮೊದಲಿಗನಾಗುವೆನೆಂಬ ಬಿಂಕವೂ ಇತ್ತೆನ್ನಿ.

"ಹೆಂಗೂ ನಾಳಿ ಶಹಾಪುರಕ್ಕ ಹೊಂಟಿದಿ," ಎಂದೆ ಶಾಂತಾಳಿಗೆ. "ವಕೀಲರ ಹಂತ್ಯಾಕ ನಾನೂ ಬರ್ತೀನಿ. ಸಾಕ್ಷಿಗೆ ಒಂದು ಸಹಿ ಹಾಕಿ ಮನಿಗೆ ಹೋಗು."

"ಆತಪ್ಪಾ," ಎಂದಳು. ಅವಳು ಎಂದೂ ಒಲ್ಲೆ ಅಂದವಳಲ್ಲ.

ವಕೀಲಬಾಯಿ ಚಿಕ್ಕ ವಯಸ್ಸಿನವರು, ಮಾತು ಚುರುಕು. "ಯಾಕ್ರಿ ಯಜಮಾನ್ರ, ಮೊಮ್ಮಗಳಿಗೇ ಯಾಕ?" ಎಂದು ಕೇಳಿದರು. ನಾನು ಮೇಜು ಬಡಿದೇ ಹೇಳಿದೆ: "ಹೆಣ್ಣು ಕೂಸರಿ! ನಾಳಿ ನಾನು ಇರಂಗಿಲ್ಲ. ಮದಿವಿ ಮಾಡಿಕೊಟ್ಟ ಮ್ಯಾಲ ಒಂದು ಸೀರಿ, ಒಂದು ಕುಪ್ಪಸ ಕೈಯಾಗಿಟ್ಟು, ನಿನ್ನ ಪಾಲು ಮುಗೀತು ಹೋಗಿ ಬಾ ಅಂತ ಯಾವನೂ ಆಕಿನ್ನ ಕಳಿಸಬಾರದ್ರಿ."

ಪಕ್ಕದಲ್ಲಿ ಕೂತಿದ್ದ ಶಾಂತಾಳ ತೊಡೆಯ ಮೇಲೆ ನಾನು ಕೊಟ್ಟ ಸೀರೆಯ ಚೀಲವಿತ್ತು. ಅವಳು ಅದನ್ನು ಮೆಲ್ಲಗೆ ಕುರ್ಚಿಯ ಕೆಳಗೆ ಸರಿಸಿದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ಮಾನ ಮುಚ್ಚಲೆಂದು ಅವಳು ಆ ಚೀಲ ಮರೆಮಾಡಿದಳಲ್ಲ, ಅದನ್ನು ಇವತ್ತಿಗೂ ತಡೆದುಕೊಳ್ಳಲಾರೆ. ಪಂಚಮಿಗೊಂದು ಸೀರೆ, ಬಾಣಂತನಕ್ಕೊಂದು ಸೀರೆ ಕೊಟ್ಟಾಗಲೆಲ್ಲ ದೊಡ್ಡ ದಾನಿಯಂತೆ ಎದೆಯುಬ್ಬಿಸಿದ್ದೆ. ಅಂಬೆಗಾಲಿಡದ ಕೂಸಿನ ನಾಳಿನ ಅನ್ಯಾಯ ಕಂಡ ಕಣ್ಣಿಗೆ, ಮೊಳಕೈ ತಾಗುವಷ್ಟು ಹತ್ತಿರ ಕೂತಿದ್ದ ಮಗಳ ಇಂದಿನ ಅನ್ಯಾಯ ಕಂಡಿರಲಿಲ್ಲ. ಪ್ರೀತಿಗೂ ಹೀಗೆ ದೂರದ್ದಷ್ಟೇ ಕಾಣುವ ಮಂಜುಗಣ್ಣು ಬರುತ್ತದೆಯೇ?

"ಹೊಲ ಹಿರೇರಿಂದ ಬಂದದ್ದೇನ್ರಿ?" ವಕೀಲಬಾಯಿ ಕೇಳಿದರು.

"ಹೌದ್ರಿ, ನಮ್ಮ ಮುತ್ಯಾಂದು."

"ಹಂಗಾದ್ರ ಪೂರ್ತಿ ಬರಿಯಾಕ ಬರಂಗಿಲ್ಲ. ಅದರಾಗ ಮಗನಷ್ಟ ಮಗಳಿಗೂ ಹಕ್ಕೈತಿ. ಮೃತ್ಯುಪತ್ರದಾಗ ನಿಮ್ಮ ಪಾಲಷ್ಟೇ ಬರೀಬಹುದು."

ನಾಚಿಕೆ ತೊಳೆದುಕೊಳ್ಳಲು ಒಳ್ಳೆಯ ದಾರಿ ಸಿಕ್ಕಿತೆಂದು, "ಬರೀರಿ ಮತ್ತ, ನನ್ನ ಮಗಳಿಗೂ ನಾನು ಕೊಟ್ಟೀನಿ ಅಂತ ಬರೀರಿ!" ಎಂದೆ.

"ನೀವು ಕೊಡೋದೇನೈತ್ರಿ ಅದರಾಗ? ಅದು ಆಕಿದೇ."

ದಾನಿಯಾಗುವ ಆ ಕಡೆಯ ಅವಕಾಶವೂ ಹೋಯಿತು. ತಲೆ ತಗ್ಗಿಸಿ, ನನ್ನ ಪಾಲನ್ನು ಕೂಸಿಗೆ ಬರೆಸಿದೆ. ಮಗನ ಪಾಲು ಮಗನದು, ಮಗಳ ಪಾಲು ಮಗಳದು ಎಂಬ ಸಾಲನ್ನೂ ಸೇರಿಸಲು ಹೇಳಿದೆ. ಶಾಂತಾ ಪೆನ್ನು ಹಿಡಿದು, "ಸಾಕ್ಷಿ ಸಹಿ ಎಲ್ಲಿ ಹಾಕ್ಲಿರಿ?" ಎಂದಳು.

"ನೀವು ಬ್ಯಾಡವ್ವ. ಅದೇ ಹೊಲದಾಗ ಪಾಲಿದ್ದೋರು ಸಾಕ್ಷಿಯಾದ್ರ ನಾಳಿ ತಕರಾರು ಬರ್ತೈತಿ. ಯಜಮಾನ್ರ, ನಿಮ್ಮನ್ನ ಬಲ್ಲೋರು ಇಬ್ಬರನ್ನ ಕರಕೊಂಡು ಬರ್ರಿ."

ಎದುರಿನ ಚಾದಂಗಡಿಯಲ್ಲಿ ನಮ್ಮೂರಿನ ಬಸಣ್ಣನೂ ಅವನ ಬೀಗನೂ ಇದ್ದರು. ಶಾಂತಾ ನನ್ನ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಳು. ಸಂಗತಿ ಕೇಳಿದ ಬಸಣ್ಣ ಚಾದ ಬಸಿಯಿಂದ ಬಾಯಿ ತೆಗೆಯದೆಯೇ ಕೆಣಕಿದ: "ಏನಪಾ ಮಲ್ಲಣ್ಣ, ಸಾಲಿ ಕಲ್ತ ಮಗಳನ್ನ ಬೆನ್ನಿಗೆ ಕಟ್ಟಿಗೊಂಡು ಬಂದು ನಮ್ಮ ಚಾ ಆರಸ್ತಿಯಲ್ಲೊ! ಆಕಿ ಸಹಿ ನಡಿಯಂಗಿಲ್ಲೇನು?"

ಅಲ್ಲಿ ಆಡಿದ ಮಾತು ನನಗಿಂತ ಮೊದಲು ಬಸ್ಸು ಹತ್ತಿ ದೇವಾಪುರ ಸೇರುತ್ತದೆ. ಮಗನ ಕಿವಿಗೆ, ಓಣಿಯ ಕಿವಿಗೆ, ತಂಗಿಯರ ಪಾಲು ನುಂಗಿ ಕೂತ ಅಣ್ಣಂದಿರ ಕಿವಿಗೆ. ಒಮ್ಮೆ ಅಂದರೆ ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಅದಕ್ಕೇ ಇರಬೇಕು, ಮೊದಲ ಸಲ ನನಗಷ್ಟೇ ಕೇಳುವಂತೆ ಅಂದೆ.

"ಏನಂದಿ?" ಎಂದ ಬಸಣ್ಣ.

"ನಡಿಯಂಗಿಲ್ಲ," ಎಂದೆ, ಅಂಗಡಿಗೆಲ್ಲ ಕೇಳುವಂತೆ. "ಹೊಲದಾಗ ಆಕಿದೂ ಪಾಲೈತಿ."