ಡೋನಲ್‌ಗೆ ಉಳಿದಿರುವ ಒಂದು ಮುಯ್ಯಾಳು

ಫೆಬ್ರುವರಿಯ ಕೊನೆ. ಜಪಾನಿನ ಕಿತಾಕಾಮಿ ಹೊಳೆ ಕಡಲು ಸೇರುವಲ್ಲಿ ಜೊಂಡು ಒಣಗಿ ಹೊಂಬಣ್ಣಕ್ಕೆ ತಿರುಗಿದೆ. ಬೆಳಕು ಹರಿಯುವ ಮೊದಲೇ ಡೋನಲ್ ಗಾರ್ವಿ ಕೆಸರಿಗೆ ಇಳಿದಿದ್ದಾರೆ. ಎಡಗೈಯಲ್ಲಿ ಒಂದು ಹಿಡಿ ಜೊಂಡನ್ನು ಬಳಸಿ ಹಿಡಿದು, ಕುಡುಗೋಲನ್ನು ಬುಡಕ್ಕೆ ಕೊಟ್ಟು ಎಳೆಯುತ್ತಾರೆ. ಹಿಡಿಗಳು ಸೇರಿ ಸಿವುಡಾದಾಗ ಮೊಣಕಾಲಲ್ಲಿ ಅದುಮಿ ಕಟ್ಟುತ್ತಾರೆ. ಕಟ್ಟಿದ ಮೇಲೆ ಸೊಂಟ ನೆಟ್ಟಗೆ ಮಾಡಿ ಮೂಡಣದತ್ತ ನೋಡುತ್ತಾರೆ. ಕಡಲಿನ ಮೇಲೆ ಮೋಡ ಕೂತಿದೆ. ಅದು ಇತ್ತ ಬರುತ್ತದೋ, ಅತ್ತಲೇ ಹೋಗುತ್ತದೋ ತಿಳಿಯದು.

"ಮಳೆ ಬಂದ್ರೆ ಊರಿಗೆಲ್ಲ ಹೊರಗೆ ಬರುತ್ತೆ, ನಂಗೆ ಒಳಗೂ ಬರುತ್ತೆ" ಎನ್ನುತ್ತಾರೆ. ಮಾತು ತಮಾಷೆಯದು, ದನಿ ತಮಾಷೆಯದಲ್ಲ.

ಡೋನಲ್ ಐರ್ಲೆಂಡಿನ ಪಡುವಣ ದಂಡೆಯ ಮೇಯೋ ಸೀಮೆಯವರು. ಅಪ್ಪ ಅಲ್ಲಿ ಮನೆಗಳಿಗೆ ಹುಲ್ಲು ಹೊದಿಸುತ್ತಿದ್ದರು. ಜಪಾನಿನಲ್ಲೂ ಹುಲ್ಲು ಮಾಡಿನ ಮನೆಗಳಿವೆಯೆಂದು ಕೇಳಿ, ನೋಡಿಕೊಂಡು ಹೋಗೋಣವೆಂದು ಮೂವತ್ತು ತುಂಬುವ ಮೊದಲು ಬಂದವರು. ಈಗ ಅರವತ್ತು ದಾಟಿದೆ. "ಒಂದು ಬೇಸಿಗೆಗೆ ಅಂತ ಬಂದೆ. ಆ ಬೇಸಿಗೆ ಇನ್ನೂ ಮುಗಿದಿಲ್ಲ ನೋಡಿ."

ಐರ್ಲೆಂಡಿನವರು ಈ ದೇಶಕ್ಕೆ ಹೊಸಬರಲ್ಲ. ನೂರೈವತ್ತು ವರ್ಷಗಳ ಹಿಂದೆಯೇ ಬಂದು ಸೈನಿಕರಿಗೆ ಬ್ಯಾಂಡು ಕಲಿಸಿದವರಿದ್ದಾರೆ, ಇಟ್ಟಿಗೆಯ ಬೀದಿಗಳನ್ನು ಕಟ್ಟಿಸಿದವರಿದ್ದಾರೆ, ಹೆಣ್ಣುಮಕ್ಕಳಿಗೆ ಶಾಲೆ ನಡೆಸಿದ ಸಿಸ್ಟರುಗಳಿದ್ದಾರೆ. ಅಂಥವರಲ್ಲಿ ಕೆಲವರ ಹೆಸರು ಎಲ್ಲಾದರೂ ಕಲ್ಲಿನ ಮೇಲೆ ಉಳಿಯುತ್ತದೆ. ಹುಲ್ಲು ಹೊದಿಸುವವನ ಹೆಸರು ಎಲ್ಲಿ ಉಳಿದೀತು? ಅವನ ಕೆಲಸವೇ ಒಂದು ತಲೆಮಾರಿನಲ್ಲಿ ಗೊಬ್ಬರವಾಗಿ ಹೊಲ ಸೇರುತ್ತದೆ.

ಮೈ ಒಗ್ಗಿದ ದಿನ ಮೂವತ್ತು ಸಿವುಡು ಕೊಯ್ದರೆ ಹೆಚ್ಚು. ಒಂದು ಮಾಡಿಗೆ ಸಾವಿರ ಸಿವುಡಾದರೂ ಬೇಕು. ೨೦೧೧ರ ಭೂಕಂಪದಲ್ಲಿ ನೆಲವೇ ಕುಸಿದು, ಉಪ್ಪುನೀರು ನುಗ್ಗಿ ಜೊಂಡಿನ ಬಯಲು ಅರ್ಧಕ್ಕರ್ಧ ಸತ್ತಿತ್ತು. ಈಗೀಗ ಚೇತರಿಸಿಕೊಳ್ಳುತ್ತಿದೆ. ಅದನ್ನು ಅಳೆಯಲು ಸೆಂದಾಯಿಯ ವಿಶ್ವವಿದ್ಯಾಲಯದಿಂದ ಜ್ಯೋತ್ಸ್ನಾ ಬರುತ್ತಾಳೆ. ಬೆಂಗಳೂರಿನ ಹುಡುಗಿ, ಪಿಎಚ್‌.ಡಿ. ಮಾಡುತ್ತಿದ್ದಾಳೆ.

"ನೀವು ಅಳೆದ್ರೆ ಜೊಂಡು ಉದ್ದ ಆಗಲ್ಲ ಜ್ಯೋತ್ಸ್ನಾ-ಸಾನ್. ಈ ತುದಿ ಹಿಡ್ಕೊಳ್ಳಿ."

"ಜೊಂಡು ಆಗಲ್ಲ, ಥೀಸಿಸ್ ಆಗುತ್ತೆ" ಎಂದು ಅವಳು ಟೇಪು ಜೇಬಿಗಿಟ್ಟು ಸಿವುಡಿನ ತುದಿ ಹಿಡಿಯುತ್ತಾಳೆ.

ಈ ಊರಿನಲ್ಲಿ ಮಾಡು ಹೊದಿಸಲು ಕೂಲಿಯಿಲ್ಲ. ಮನೆಗೊಬ್ಬರಂತೆ ಬಂದು ಹೊದಿಸುತ್ತಾರೆ. ಅವರ ಮನೆಯ ಸರದಿ ಬಂದಾಗ ನೀವು ಹೋಗಬೇಕು. ಇದಕ್ಕೆ ಇಲ್ಲಿ ಯುಯಿ ಎನ್ನುತ್ತಾರೆ. "ನಮ್ಮಜ್ಜಿ ಊರಲ್ಲಿ ನಾಟಿ ಟೈಮಲ್ಲಿ ಎಕ್ಸಾಕ್ಟ್ಲಿ ಹಿಂಗೇ. ಮುಯ್ಯಾಳು ಅಂತಾರೆ" ಎಂದು ಜ್ಯೋತ್ಸ್ನಾ ಹೇಳಿದ ದಿನ ಡೋನಲ್ ಕೆಲಸ ನಿಲ್ಲಿಸಿ ಆ ಮಾತನ್ನು ಎರಡು ಸಲ ಹೇಳಿಸಿಕೊಂಡರಂತೆ. ಅವರ ಊರಿನಲ್ಲೂ ಅದು ಇತ್ತು, ಹೆಸರು ಮೆಹೆಲ್.

೨೦೧೦ರ ಸುಗ್ಗಿಯ ನಂತರ ಡೋನಲ್ ಮನೆಗೆ ಊರು ಮಾಡು ಹೊದಿಸಿತು. ಮಾಡಿನ ನೆತ್ತಿಯ ಮೇಲೆ ಕೂತು ಕೊನೆಯ ಗಂಟುಗಳನ್ನು ಬಿಗಿದವರು ಊರಿನ ಹಿರಿಯ ಇವಾವೋ-ಸಾನ್. ಮುಂದಿನ ಮಾರ್ಚಿನಲ್ಲಿ ಸುನಾಮಿ ಬಂತು. ಗುಡ್ಡದ ಮೇಲಿದ್ದ ಡೋನಲ್ ಮನೆ ಉಳಿಯಿತು. ಕೆಳಗಿನ ಮನೆಗಳು ಹೋದವು. ಇವಾವೋ-ಸಾನ್ ಹೋದರು, ದೇಹವೂ ಸಿಗಲಿಲ್ಲ.

"ಐರ್ಲೆಂಡಿಗೆ ವಾಪಸ್ ಬಾ ಅಂತ ಮನೆಯವರು ಅತ್ತರು. ಹೇಗೆ ಹೋಗ್ಲಿ? ಮನೆಗೊಂದು ದಿನದಂತೆ ಇಡೀ ಊರಿಗೆ ಬಾಕಿ ಇದ್ದೆ."

ಬಾಕಿ ತೀರಿಸಲು ಹುಲ್ಲು ಮಾಡೇ ಉಳಿದಿರಲಿಲ್ಲ. ಹಾಗಾಗಿ ಒಬ್ಬರ ಅಂಗಳದ ಕೆಸರು ಎತ್ತಿದರು, ಇನ್ನೊಬ್ಬರ ತಾತ್ಕಾಲಿಕ ಮನೆಗೆ ಪಾತ್ರೆ ಇಡುವ ಹಲಗೆ ಹೊಡೆದುಕೊಟ್ಟರು, ಮತ್ತೊಬ್ಬರ ಕಡಲಪಾಚಿ ಒಣಗಿಸಿದರು. ಹೀಗೆ ಒಂದೊಂದೇ ಮನೆ ತೀರಿತು. ಉಳಿದದ್ದು ಇವಾವೋ-ಸಾನ್ ಮನೆಯದು. ಅವರ ಹೆಂಡತಿ ಫುಮಿ-ಸಾನ್‌ಗೆ ಎಂಬತ್ತಾರು. ಗುಡ್ಡದಾಚೆ ಸರ್ಕಾರ ಕಟ್ಟಿಸಿಕೊಟ್ಟ ಫ್ಲಾಟಿನಲ್ಲಿದ್ದಾರೆ. ಡೋನಲ್ ಹೋದಾಗಲೆಲ್ಲ "ಕೆಲಸ ಏನೂ ಇಲ್ಲ" ಎಂದು ಟೀ ಕುಡಿಸಿ ಕಳಿಸುತ್ತಾರೆ. ತಿಂಗಳು ಮುಗಿದರೆ ಅವರು ದೂರದ ಕಾವಾಸಾಕಿಗೆ, ಮಗಳ ಮನೆಗೆ ಹೋಗಿಬಿಡುತ್ತಾರೆ.

ಡೋನಲ್‌ರ ನಿದ್ದೆ ಕೆಡಿಸಿರುವುದು ಇಷ್ಟೇ ಅಲ್ಲ. ಮಾಡಿನ ಮೈ ಮೂವತ್ತು ವರ್ಷ ಬಾಳಿದರೂ ನೆತ್ತಿಯನ್ನು ಹತ್ತು ಹನ್ನೆರಡು ವರ್ಷಕ್ಕೊಮ್ಮೆ ಬಿಚ್ಚಿ ಕಟ್ಟಬೇಕು. ಆ ಗಡುವು ದಾಟಿದೆ. ನೀರು ಇಳಿದು ಒಳಗಿನ ತೊಲೆ ಮೆತ್ತಗಾಗುತ್ತಿದೆ. ಬೇರೆ ಊರುಗಳ ಮಾಡು ಸರಿಮಾಡುವವರು ತಮ್ಮದಕ್ಕೆ ಟಾರ್ಪಾಲು ಹೊದಿಸಿ, ಕೆಳಗೆ ಬಕೆಟ್ಟು ಇಟ್ಟುಕೊಂಡು ಕೂತಿದ್ದಾರೆ.

"ಇವಾವೋ-ಸಾನ್ ಕೈಕೆಲಸ ಅಂತ ಭೂಮಿ ಮೇಲೆ ಉಳಿದಿರೋದು ಆ ಗಂಟುಗಳು ಮಾತ್ರ. ಅದನ್ನ ಕುಯ್ಯೋಕೆ ನಾನ್ಯಾರು? ಆದ್ರೆ ಈ ಮಳೆಗಾಲವನ್ನ ತೊಲೆ ತಡೆಯಲ್ಲ."

ಮಧ್ಯಾಹ್ನ ಜ್ಯೋತ್ಸ್ನಾಳ ಕಾರಿನಲ್ಲಿ ಫ್ಲಾಟಿಗೆ ಹೋಗುತ್ತಾರೆ. ಬಾಗಿಲಿನಿಂದಲೇ ಗಂಟುಮೂಟೆ ಕಾಣುತ್ತದೆ. ಡೋನಲ್ ಮಂಡಿಯೂರಿ ಕೂತು ತಲೆ ತಗ್ಗಿಸುತ್ತಾರೆ.

"ಸುಮಿಮಾಸೆನ್, ಕ್ಷಮಿಸಿ ಫುಮಿ-ಸಾನ್. ಒಂದಿನದ ಕೆಲಸ ಹೇಳಿ. ಈ ಪೆಟ್ಟಿಗೆ ಹೊರಲಾ?"

"ಅದಕ್ಕೆ ಲಾರಿ ಹುಡುಗರು ಬರ್ತಾರೆ. ನಿನಗಿಂತ ಗಟ್ಟಿ ಇದ್ದಾರೆ."

ಫುಮಿ-ಸಾನ್ ಟೀ ಬಗ್ಗಿಸುತ್ತಾರೆ. ಆಮೇಲೆ, ಯಾವುದೋ ಸಣ್ಣ ವಿಷಯ ಕೇಳುವವರಂತೆ, "ತುಂಬಾ ಸೋರ್ತಿದೆಯಾ?" ಎನ್ನುತ್ತಾರೆ.

ಡೋನಲ್ ಕೈಯ ಬಟ್ಟಲು ಅಲ್ಲೇ ನಿಲ್ಲುತ್ತದೆ.

"ನೀಲಿ ಟಾರ್ಪಾಲು ರಸ್ತೆಗೇ ಕಾಣುತ್ತೆ ಕಣೋ. ಊರಿಗೆಲ್ಲ ಗೊತ್ತು. ನೀನು ಬಂದು ಹೇಳ್ತೀಯೇನೋ ಅಂತ ಕಾಯ್ತಿದ್ದೆ."

"ಅವರು ಕಟ್ಟಿದ್ದು..."

"ಮಳೆ ತಡೀಲಿ ಅಂತ ಕಟ್ಟಿದ್ದು. ನೋಡ್ಕೊಂಡು ಕೂರೋಕಲ್ಲ. ಅವರಿದ್ದಿದ್ರೆ ನಿನ್ನ ಕಿವಿ ಹಿಂಡ್ತಿದ್ರು." ಅಜ್ಜಿ ಜ್ಯೋತ್ಸ್ನಾಳ ಬಟ್ಟಲಿಗೂ ಟೀ ಬಗ್ಗಿಸುತ್ತಾರೆ. "ನಾಳಿದ್ದು ಬಿಸಿಲು ಅಂತ ಟಿವಿಲಿ ಹೇಳ್ತು. ಅವತ್ತೇ ಬಿಚ್ಚು. ನಮ್ಮನೆ ಕಡೆಯಿಂದ ನಾನು ಬರ್ತೀನಿ. ಮೇಲೆ ಹತ್ತೋಕಾಗಲ್ಲ, ಕೆಳಗೆ ಕೂತು ಹುರಿ ಹೊಸೆದು ಕೊಡ್ತೀನಿ. ಈ ಹುಡುಗಿನೂ ಕರ್ಕೊಂಡು ಬಾ."

ಡೋನಲ್ ಬಟ್ಟಲನ್ನು ಕೆಳಗಿಡುತ್ತಾರೆ.

"ನಾನು ಒಂದು ಮುಯ್ಯಿ ತೀರಿಸೋಕೆ ಬಂದ್ರೆ, ನೀವು ಇನ್ನೊಂದು ಹೊರಿಸ್ತಿದ್ದೀರಲ್ಲ. ಈಗ ನಿಮ್ಮನೆಗೆ ಎರಡು ದಿನ ಬಾಕಿ ಆಯ್ತು."

"ಇರ್ಲಿ ಬಿಡು" ಎನ್ನುತ್ತಾರೆ ಫುಮಿ-ಸಾನ್. "ಕಾವಾಸಾಕಿಗೆ ರೈಲಿದೆ."