ಅಮಲ್ದಾರರ ಮುಂದೆ ಆಡಿದ ಮಾತು

ಮೊನ್ನೆ ಸೊಸೆ ಹಿತ್ತಲಲ್ಲಿ ಹತ್ತಿ ಸೀರೆಗೆ ಗಂಜಿ ಹಾಕಿ ಹರವಿದ್ದಳು. ಬಿಸಿಲಿಗೆ ಒಣಗುವ ಗಂಜಿಯ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಪಾವಗಡದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಕ್ಕ ಕಣ್ಣಮುಂದೆ ಬಂದು ನಿಂತರು. ಅವರಿಗಿದ್ದದ್ದು ಎರಡೇ ಖಾದಿ ಸೀರೆ. ಒಂದು ಮೈಮೇಲಿದ್ದರೆ ಇನ್ನೊಂದು ಗಂಜಿಯಲ್ಲಿ...

ನಾನು ಲೋಯರ್ ಸೆಕೆಂಡರಿ ಪಾಸಾದದ್ದು ಅವರಿಂದಲೇ. ಒಲೆ ಮುಂದೆ ಮುದ್ದೆ ತಿರುವುತ್ತಲೇ ಲೆಕ್ಕ ಹೇಳಿಕೊಡುತ್ತಿದ್ದರು. ತಪ್ಪಿದರೆ "ಅಮ್ಮಾಯಿ, ಇನ್ನೊಂದ್ಸಲ ಮಾಡು" ಅನ್ನುತ್ತಿದ್ದರೇ ಹೊರತು ಒಂದು ದಿನವೂ ಗದರಿದವರಲ್ಲ.

ದೇಶಕ್ಕೆ ಸ್ವಾತಂತ್ರ್ಯ ಬಂದು ಒಂದು ತಿಂಗಳಾಗಿತ್ತು. ಪಾವಗಡದಿಂದ ಎತ್ತ ನಡೆದರೂ ಮದ್ರಾಸ್ ಪ್ರಾಂತ್ಯದ ಗಡಿ. ಅಲ್ಲಿ ಆಗಲೇ ಜನರ ಸರ್ಕಾರ. ನಮ್ಮ ಮೈಸೂರು ಸಂಸ್ಥಾನದಲ್ಲಿ ಮಾತ್ರ ಅದನ್ನು ಕೇಳಿದವರಿಗೆ ಲಾಕಪ್ಪು. ಮೆರವಣಿಗೆಗೆಂದು ತುಮಕೂರಿಗೆ ಹೋದ ಅಕ್ಕನ ಯಜಮಾನರು ಅಲ್ಲೇ ಜೈಲು ಸೇರಿದ್ದರು. ನಮ್ಮಪ್ಪನಿಗೋ ಅರಮನೆಯೆಂದರೆ ದೇವರಮನೆ. "ಆ ಮನೆ ಹೊಸ್ಲು ತುಳಿದೀಯ, ಹುಷಾರು" ಎಂದು ನನಗೆ ತಾಕೀತು ಮಾಡಿದ್ದರು. ಅಮ್ಮ ಮಾತ್ರ ಅಕ್ಕನ ಎರಡು ಮಕ್ಕಳಿಗೆಂದು ಹಿತ್ತಲ ಗೋಡೆಯ ಮೇಲಿಂದ ರಾಗಿ ಹಿಟ್ಟು ದಾಟಿಸುತ್ತಿದ್ದಳು.

ಅದೇ ಹೊತ್ತಿಗೆ ಹೆಣ್ಣುಮಕ್ಕಳ ಶಾಲೆಯಲ್ಲಿ ಒಂದು ಜಾಗ ಖಾಲಿಯಾಯಿತು. ಅರ್ಜಿ ಹಾಕಿದವರು ಇಬ್ಬರೇ, ಅಕ್ಕ ಮತ್ತು ನಾನು. ಕೆಲಸ ಸಿಗದಿದ್ದರೆ ಕಾರ್ತೀಕದಲ್ಲಿ ಮಡಕಶಿರಾದ ಒಬ್ಬ ವಿಧುರನಿಗೆ ನನ್ನನ್ನು ಕೊಡುವುದೆಂದು ಅಪ್ಪ ಮಾತು ಕೊಟ್ಟಾಗಿತ್ತು. ಅವನಿಗೆ ನನ್ನಪ್ಪನ ವಯಸ್ಸು.

ಸಂದರ್ಶನದ ದಿನ ಬೆಳಿಗ್ಗೆ ಅಕ್ಕ ನಮ್ಮ ಹಿತ್ತಲ ಬಾಗಿಲಿಗೆ ಬಂದರು. "ಒಂದು ಮಿಲ್ ಸೀರೆ ಇದ್ರೆ ಕೊಡು ಕಣಮ್ಮ. ಖಾದಿ ಉಟ್ಕಂಡು ಹೋದ್ರೆ ಬಾಗ್ಲಲ್ಲೇ ವಾಪಸ್ ಕಳಿಸ್ತಾರೆ" ಎಂದು ಅಮ್ಮನನ್ನು ಕೇಳಿದರು. ತಲೆ ಎತ್ತಿ ಕೇಳಲಿಲ್ಲ.

ತಾಲ್ಲೂಕು ಕಚೇರಿಯಲ್ಲಿ ಮೊದಲು ನನ್ನನ್ನು ಕರೆದರು. ಅಕ್ಕ ಅಮ್ಮ ಕೊಟ್ಟ ಮಿಲ್ ಸೀರೆಯುಟ್ಟು ಹೊರಗೆ ಬೆಂಚಿನ ಮೇಲೆ ಕುಳಿತಿದ್ದರು. ನಡುವೆ ಇದ್ದದ್ದು ಒಂದು ಬಿದಿರಿನ ತಡಿಕೆ. ಒಳಗೆ ಮಹಾರಾಜರ ಪಟದ ಕೆಳಗೆ ಜರಿಪೇಟದ ಅಮಲ್ದಾರರು, ಪಕ್ಕದಲ್ಲಿ ಶಾಲಾ ಇನ್ಸ್‌ಪೆಕ್ಟರು. ಇಬ್ಬರೂ ಊರಿಗೆ ಹೊಸಬರು. ಇನ್ಸ್‌ಪೆಕ್ಟರು ಕೊಟ್ಟ ಲೆಕ್ಕವನ್ನು ಹಲಗೆಯ ಮೇಲೆ ಮಾಡಿ ತೋರಿಸಿದೆ. ಅಮಲ್ದಾರರು ಅದನ್ನು ನೋಡಲೇ ಇಲ್ಲ.

"ಹೊರಗೆ ಕೂತಿರೋಳು ನಿಮ್ಮ ಬೀದಿಯವಳೇ ಅಲ್ಲವೇ? ಗಂಡ ಪರಸ್ಥಳದಲ್ಲಿದ್ದಾನೆ ಅಂತ ಬರೆದಿದ್ದಾಳೆ. ಯಾವ ಸ್ಥಳ?"

ಇನ್ಸ್‌ಪೆಕ್ಟರು ನಡುವೆ ಬಾಯಿ ಹಾಕಿದರು. "ಅದನ್ನ ಈ ಹುಡುಗಿ ಹತ್ರ ಯಾಕೆ ಕೇಳ್ತೀರಿ ಸ್ವಾಮಿ? ಪಾಠದ ವಿಷಯ ಕೇಳೋಣ."

"ಸರ್ಕಾರ ಬೀಳಿಸೋಕೆ ಹೊರಟೋರ ಮನೆಗೆ ಸರ್ಕಾರವೇ ಸಂಬಳ ಕೊಡಬೇಕೇನ್ರಿ? ನೀವೂ ಆ ಕಡೆಯವರೋ ಹೇಗೆ?"

ಇನ್ಸ್‌ಪೆಕ್ಟರು ಮುಖ ಕೆಂಪಗೆ ಮಾಡಿಕೊಂಡು ಮುಂದಿದ್ದ ಕಾಗದ ಮಗುಚತೊಡಗಿದರು. ಅಮಲ್ದಾರರು ನನ್ನ ಕಡೆ ತಿರುಗಿದರು.

"ಹೇಳಮ್ಮ. ನಿನಗೆ ಕೆಲಸ ಬೇಕೋ, ಬೇಡವೋ?"

ಗೊತ್ತಿಲ್ಲ ಅನ್ನಬಹುದಿತ್ತು. ಆ ಹೊತ್ತಿನಲ್ಲಿ ನನಗೆ ಅಕ್ಕನ ಮುಖ ನೆನಪಾಗಲಿಲ್ಲ. ನಮ್ಮ ಪಡಸಾಲೆಯಲ್ಲಿ ಕೂತು ಕಾಫಿ ಕುಡಿದು ಹೋದ ಆ ವಿಧುರನ ಮುಖವೇ ಕಾಣುತ್ತಿತ್ತು.

"ತುಮಕೂರು ಜೈಲಿನಲ್ಲಿ" ಅಂದೆ.

ತಡಿಕೆಯಾಚೆ ಬೆಂಚು ಕಿರುಗುಟ್ಟಿತು.

ಆಮೇಲೆ ಒಳಗೆ ಹೋದ ಅಕ್ಕ ಅಷ್ಟೇ ಬೇಗ ಹೊರಬಂದರು. ಇಬ್ಬರೂ ಜೊತೆಯಲ್ಲೇ ಮನೆಯ ಕಡೆ ನಡೆದೆವು. ಅವರ ಬಾಗಿಲಿಗೆ ಬಂದಾಗ ಕೇಳಿದರು:

"ಲೆಕ್ಕ ಸರಿಯಾಗಿ ಮಾಡ್ದ್ಯಾ ಅಮ್ಮಾಯಿ?"

"ಮಾಡ್ದೆ ಅಕ್ಕ."

"ಸರಿ ಬುಡು."

ಕೆಲಸ ನನಗೆ ಸಿಕ್ಕಿತು, ಮದುವೆ ತಪ್ಪಿತು. ಸ್ವಲ್ಪ ದಿನದಲ್ಲೇ ಅರಮನೆ ಜನರ ಸರ್ಕಾರಕ್ಕೆ ಒಪ್ಪಿತು, ಜೈಲಿನ ಬಾಗಿಲು ತೆರೆಯಿತು. ಊರಿಗೆ ಮರಳಿದವರಿಗೆ ಅದೇ ಅಮಲ್ದಾರರು ನಗುನಗುತ್ತ ಹಾರ ಹಾಕಿದರು. ಆದರೆ ಅಕ್ಕನ ಮನೆಯಲ್ಲಿ ಅಷ್ಟರೊಳಗೆ ಮಾರಲು ಪಾತ್ರೆಗಳೂ ಉಳಿದಿರಲಿಲ್ಲ. ಸಂಸಾರ ಹಿಂದೂಪುರದ ತವರಿಗೆ ಹೊರಟಿತು. ಅವರ ಗಾಡಿ ಶಾಲೆಯ ಮುಂದೆಯೇ ಹಾದುಹೋಯಿತು. ನಾನು ಕಿಟಕಿಗೆ ಬೆನ್ನು ಹಾಕಿ ಮಕ್ಕಳಿಗೆ ಮಗ್ಗಿ ಹೇಳಿಸುತ್ತಿದ್ದೆ...

ಹೋದ ವರ್ಷ ಅಕ್ಕನ ಹಿರಿಯ ಮಗ ವಿಳಾಸ ಹುಡುಕಿಕೊಂಡು ಬಂದ. ನಾನು ಎತ್ತಿ ಆಡಿಸಿದ ಹುಡುಗನಿಗೆ ತಲೆಯೆಲ್ಲ ನರೆತಿತ್ತು. ಅಕ್ಕ ತೀರಿಕೊಂಡ ಸುದ್ದಿ ಹೇಳಿದ. "ನನ್ನ ಹತ್ರ ಓದಿದ ಹುಡುಗಿ ಪಾವಗಡದಲ್ಲಿ ಮೇಡಮ್ಮಾದ್ಳು ಅಂತ ಅಮ್ಮ ಎಲ್ರ ಹತ್ರಾನೂ ಹೇಳ್ಕಳೋರು" ಅಂದ. ಆಮೇಲೆ ನಗುತ್ತಲೇ ಕೇಳಿದ: "ನೀವಿಬ್ರೂ ಒಟ್ಟಿಗೇ ಹೋಗಿದ್ರಂತಲ್ಲ, ಅಮ್ಮಂಗ್ಯಾಕೆ ಕೆಲ್ಸ ಸಿಗ್ಲಿಲ್ಲ?"

ಅದುವರೆಗೆ ಯಾರಿಗೂ ಹೇಳದಿದ್ದ ಎಲ್ಲವನ್ನೂ ಅವನಿಗೆ ಹೇಳಿದೆ.

ಅವನು ಕೈಯಲ್ಲಿದ್ದ ಕಾಫಿ ಲೋಟವನ್ನು ಕೆಳಗಿಟ್ಟ. "ಅಮ್ಮ ನಮಗೆ ಇದನ್ನ ಹೇಳೇ ಇರ್ಲಿಲ್ಲ" ಎಂದು ಎದ್ದು, ಚಪ್ಪಲಿ ಮೆಟ್ಟಿಕೊಂಡು ಹೊರಟ. ತಿರುಗಿ ನೋಡಲಿಲ್ಲ. ಅಕ್ಕ ಬದುಕಿರುವವರೆಗೂ ಮುಚ್ಚಿಟ್ಟು ಕಾಪಾಡಿದ್ದ ನನ್ನ ಮಾನವನ್ನು ಅವರ ಮಗನ ಮುಂದೆ ನಾನೇ ಕಳೆದುಕೊಂಡೆ. ಹಗುರಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ.